ಹಗೇವಿಗೆ ಇಳಿಸಿದ ದೀಪ

ನಾನು ಹೆದರುಪುಕ್ಕಲಿ. ಸಿ.ವಿ. ರಾಮನ್ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಆದ್ದರಿಂದ ನಾನೇ ಮೊದಲು ಹೇಳಿಬಿಡುವುದು ವಾಸಿ. ಲಿಫ್ಟ್ ಕುಲುಕಿದರೆ ಗೋಡೆ ಹಿಡಿಯುತ್ತೇನೆ. ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂಬ ಅನುಮಾನ ಬಂದು, ಹಲಸೂರಿನ ಮಾರ್ಕೆಟ್ಟಿನವರೆಗೆ ಹೋದವಳು ಅದೇ ಆಟೋದಲ್ಲಿ ತಿರುಗಿ ಬಂದದ್ದುಂಟು. ನನ್ನ ಗಂಡ ರಾಜಶೇಖರ ದಾವಣಗೆರೆಯವರು, ಬಿದ್ದ ಮೇಲೆ ನೋಡೋಣ ಎನ್ನುವ ಜಾತಿ. "ಎಲ್ರೂ ಹಗ್ಗ ನೋಡಿ ಹಾವು ಅಂದ್ರೆ, ಇವಳು ಅದರ ಮರಿಗಳನ್ನೂ ಎಣಿಸ್ತಾಳೆ" ಎಂದು ಬಂದವರ ಮುಂದೆ ನಗಾಡುತ್ತಾರೆ. ನಗಲಿ. ಮನೆಯಲ್ಲಿ ಒಬ್ಬರಾದರೂ ಹೆದರಬೇಕು ಎಂಬುದು ನನ್ನ ವಾದ.

ದಂಡಿನ ತೋಟಕ್ಕೆ ಹೋಗೋಣ ಎಂದು ಹಟ ಹಿಡಿದವಳು ಮಗಳು ಸೃಷ್ಟಿ. ಅವಳಿಗೆ ಹತ್ತು ವರ್ಷ. ಕೆ.ಆರ್. ಪುರ ದಾಟಿ ಹೊಸಕೋಟೆಯ ಕಡೆ ಹೋದರೆ ಒಳದಾರಿಯಲ್ಲಿ ಆ ತೋಟ ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ಬೆಂಗಳೂರಿನ ದಂಡಿಗೆ, ಅಂದರೆ ಕಂಟೋನ್ಮೆಂಟಿನ ಬಿಳಿ ಸೈನಿಕರಿಗೆ, ತರಕಾರಿ ಬೆಣ್ಣೆ ಕೊಡುತ್ತಿದ್ದ, ಅವರ ಕುದುರೆಗಳಿಗೆ ಹುಲ್ಲು ಬೆಳೆಯುತ್ತಿದ್ದ ತೋಟಗಳು ಹೇಗಿದ್ದವೋ ಹಾಗೆಯೇ ಅದನ್ನು ಕಟ್ಟಿದ್ದಾರೆ. ಬಂದವರು ಆ ಕಾಲದ ಬಟ್ಟೆ ತೊಟ್ಟು ಆಯಾ ಋತುವಿನ ಕೆಲಸ ಮಾಡಬೇಕು. ಸುಗ್ಗಿಯಲ್ಲಿ ಕಣ, ಬೇಸಿಗೆಯಲ್ಲಿ ಹುಣಸೆ ಬಡಿಯುವುದು, ಮಳೆಗಾಲದಲ್ಲಿ ಪೈರು ನೆಡುವುದು, ಹಗೇವು ತೆಗೆಯುವುದು. ಇದನ್ನು ಫೋನಿನಲ್ಲಿ ವಿವರಿಸಿದಾಗ ಸುರಪುರದ ಹತ್ತಿರದ ನಮ್ಮೂರಿನಿಂದ ಅವ್ವ ಕೇಳಿದ್ದು ಇಷ್ಟೇ: "ರೊಕ್ಕಾ ಕೊಟ್ಟು ಕೂಲಿ ಮಾಡ್ಲಿಕ್ಕ ಹೊಂಟೀರೇನು?"

ಶನಿವಾರ ಬೆಳಿಗ್ಗೆ ಹೊರಟೆವು. ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಲಾರಿಗಳ ನಡುವೆ ಸಿಕ್ಕಿಕೊಂಡಾಗ ನಾನು ಕಣ್ಣು ಮುಚ್ಚಿಕೊಂಡೆ. ತೋಟದಲ್ಲಿ ಎತ್ತುಗಳನ್ನು ಕಂಡು ಹೆದರಿದೆ, ಎತ್ತು ಹೂಡಿ ನೀರೆತ್ತುವ ಕಪಿಲೆ ಬಾವಿಯ ಕಟ್ಟೆ ಗಿಡ್ಡವಾಗಿದೆಯೆಂದು ಹೆದರಿದೆ, ಸೃಷ್ಟಿಯ ಕೈಗೆ ಕುಡುಗೋಲು ಕೊಟ್ಟರೆಂದು ಹೆದರಿದೆ. ಪ್ರತಿ ಸಲವೂ "ಸೃಷ್ಟಿ, ಈ ಕಡೆ ಬಾ" ಎಂದು ಕೂಗಿದೆ. ಬೆಣ್ಣೆ ಕಡೆಯುವಲ್ಲಿ ಮಾತ್ರ ಹೆದರಲು ಏನೂ ಸಿಗಲಿಲ್ಲ. ಅಲ್ಲಿ ನಮ್ಮ ಜೊತೆ ಪುಲಿಕೇಶಿನಗರದ ಗಂಡ ಹೆಂಡತಿ ಇದ್ದರು. ಆತ ವಾಜಿದ್, ಬೇಕರಿ ನಡೆಸುವವರು, ಧಡೂತಿ ಆಳು. ಆಕೆ ಉಮ್ಮೆ ಕುಲ್ಸುಂ, ಕಡೆಗೋಲಿನ ಹಗ್ಗ ಎಳೆಯುತ್ತ, "ನಮ್ದು ಮನೇಲಿ ಮಿಕ್ಸಿ ಹಾಳಾದ್ರೆ ಇವರು ರಿಪೇರಿಗೂ ತಗೊಂಡು ಹೋಗಲ್ಲ, ಇಲ್ಲಿ ನೋಡಿ ಹೆಂಗ್ ಕಡೀತಾರೆ" ಎಂದು ಗಂಡನ ಕಾಲೆಳೆಯುತ್ತಿದ್ದರು. ನನಗೆ ಅವರು ಹಿಡಿಸಿದರು.

ಊಟವಾದ ಮೇಲೆ ಹಗೇವು. ತೋಟದ ಮ್ಯಾನೇಜರ್ ಸೂರ್ಯ ಎಂಬ ಹುಡುಗ ಖಾಕಿ ಕೋಟು ತೊಟ್ಟು, ದೊರೆಗಳ ದಪ್ಪ ಟೋಪಿ ಇಟ್ಟು, ಕೈಯಲ್ಲಿ ಮೈಕು ಹಿಡಿದು ನಮ್ಮನ್ನೆಲ್ಲ ಒಂದು ಚಪ್ಪರದ ಕೆಳಗೆ ಕರೆದುಕೊಂಡು ಹೋದ. ನೆಲದಲ್ಲಿ ಕಲ್ಲಿನ ಅಂಚಿದ್ದ ಒಂದು ಬಾಯಿ, ಅದರ ಪಕ್ಕದಲ್ಲಿ ಚಪ್ಪಡಿ, ಮೇಲೆ ಮರದ ರಾಟೆ. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬರು ಇಳಿಯುವಷ್ಟೇ, ಒಳಗೆ ಹೊಟ್ಟೆ ಅಗಲ, ಹೂತಿಟ್ಟ ಮಡಕೆಯ ಹಾಗೆ. ಸುಗ್ಗಿಯಲ್ಲಿ ಬಂದ ಅತಿಥಿಗಳ ಕೈಯಲ್ಲೇ ರಾಗಿ ತುಂಬಿಸಿ ಮುಚ್ಚಿದ್ದರಂತೆ. ಈಗ ಆಷಾಢದಲ್ಲಿ ಅತಿಥಿಗಳ ಕೈಯಲ್ಲೇ ತೆಗೆಸುತ್ತಾರೆ.

ಅದನ್ನು ನೋಡಿದ ಕೂಡಲೇ ಸೃಷ್ಟಿಯ ಕೈ ಹಿಡಿದುಕೊಂಡೆ. ನಮ್ಮೂರ ಮನೆಯ ಮುಂದೆ ಇಂಥದೇ ಹಗೇವಿತ್ತು, ಜೋಳದ್ದು. ಮುಚ್ಚಿಟ್ಟ ಕಾಳು ಒಳಗೆ ಕೆಟ್ಟ ಗಾಳಿ ಬಿಟ್ಟಿರುತ್ತದೆ, ಅದಕ್ಕೆ ಬಣ್ಣವಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಹಗೇವು ತೆಗೆದ ದಿನ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ಮರುದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ಓಣಿಯ ಜನವೆಲ್ಲ ಉಸಿರು ಬಿಗಿಹಿಡಿದು ದೀಪ ನೋಡುತ್ತಿತ್ತು. ದೀಪ ಆರಿದರೆ ಆ ದಿನ ಅಡುಗೆ ಸಾಲದ ಜೋಳದಲ್ಲಿ. ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ನಾನು ಹುಟ್ಟುವುದಕ್ಕೆ ಮೊದಲು ಹಿಂದಿನ ಓಣಿಯ ಒಬ್ಬ ದೀಪ ಬಿಡದೆ ಇಳಿದನಂತೆ. ಅವನನ್ನು ಎತ್ತಲು ತಮ್ಮ ಇಳಿದನಂತೆ. ಇಬ್ಬರನ್ನೂ ಒಂದೇ ಚಟ್ಟದಲ್ಲಿ ಒಯ್ದರೆಂದು ಅಜ್ಜಿ ಹೇಳುತ್ತಿದ್ದಳು. ಮೊದಲನೆಯವನಿಗಿಂತ ಎರಡನೆಯವನಿಗಾಗಿಯೇ ಅವಳು ಹೆಚ್ಚು ಅಳುತ್ತಿದ್ದಳು.

"ಯಾವಾಗ ತೆಗೆದ್ರಿ ಇದನ್ನ?" ಎಂದು ಸೂರ್ಯನನ್ನು ಕೇಳಿದೆ.

"ಬೆಳಗ್ಗೆನೇ ಓಪನ್ ಮಾಡಿದ್ವಿ ಮೇಡಂ. ಈಗ ನೋಡಿ, ದೀಪದ ಪರೀಕ್ಷೆ ಮಾಡ್ತೀವಿ. ಹಳೇ ಪದ್ಧತಿ" ಎಂದ.

ನನಗೆ ಸಂತೋಷವೇ ಆಯಿತು. ಈ ಟೋಪಿಯ ಹುಡುಗನಿಗೆ ದೀಪದ ವಿಷಯ ಗೊತ್ತಿದೆಯಲ್ಲ. ಪೀರಪ್ಪ ಎಂಬ ಕೆಲಸಗಾರ ಲಾಂದ್ರವೊಂದನ್ನು ಹಗ್ಗಕ್ಕೆ ಕಟ್ಟಿ ಮೆಲ್ಲಗೆ ಬಿಟ್ಟ. ನಾನು ಜನರನ್ನು ಸರಿಸಿಕೊಂಡು ಮುಂದೆ ಹೋಗಿ ಬಗ್ಗಿ ನೋಡಿದೆ. ದೀಪ ತಳ ಮುಟ್ಟಿತು. ಹಳದಿ ಕುಡಿ ಸ್ವಲ್ಪವೂ ಬಾಗಲಿಲ್ಲ. ನನಗೆ ಸಮಾಧಾನವಾಯಿತು. ಪಕ್ಕದಲ್ಲಿದ್ದ ಉಮ್ಮೆ ಕುಲ್ಸುಂ ಅವರಿಗೆ ನಾನೇ ಪಾಠ ಮಾಡಿದೆ: "ದೀಪ ಉರೀತಿದ್ರೆ ಗಾಳಿ ಚೆನ್ನಾಗಿದೆ ಅಂತ. ನಮ್ಮೂರಲ್ಲೂ ಹೀಗೇ ನೋಡ್ತಿದ್ರು." ಅವರು ತಲೆದೂಗಿದರು. ಆ ದಿನದಲ್ಲಿ ಮೊದಲ ಬಾರಿಗೆ ನನಗೆ ತಿಳಿದ ವಿಷಯವೊಂದು ಸಿಕ್ಕಿತ್ತು, ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಯಾರು ಇಳಿಯುತ್ತೀರಿ ಎಂದು ಸೂರ್ಯ ಮೈಕಿನಲ್ಲಿ ಕೇಳುವುದೇ ತಡ, ಸೃಷ್ಟಿ ಕೈ ಎತ್ತಿದಳು. ಎತ್ತಿ ನನ್ನ ಮುಖ ನೋಡಿದಳು. ರಾಜಶೇಖರ ಕೂಡ ನೋಡಿದರು, ಇನ್ನೇನು ಕೂಗುತ್ತಾಳೆ ಎನ್ನುವಂತೆ.

"ಹೋಗು" ಎಂದೆ.

"ನಿಜವಾಗ್ಲೂನಾ?" ಎಂದಳು.

"ದೀಪ ಉರೀತಿದೆಯಲ್ಲ, ಏನೂ ಆಗಲ್ಲ. ಹೋಗು."

"ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನೋ" ಎಂದರು ನನ್ನ ಗಂಡ. ಆ ಹುಡುಗ ತನ್ನ ಹೆಸರು ಕೇಳಿ ತಿರುಗಿದ, ಎಲ್ಲರೂ ನಕ್ಕರು.

ಅವಳಿಗೆ ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿ ಕಟ್ಟಿದರು, ತಲೆಗೆ ಹೆಲ್ಮೆಟ್ ಹಾಕಿದರು, ಕೊಕ್ಕೆಗಳನ್ನು ಎಳೆದೆಳೆದು ನೋಡಿದರು. ಒಂದರಲ್ಲೂ ಲೋಪವಿರಲಿಲ್ಲ. ರಾಗಿ ತುಂಬಲು ಒಂದು ಬುಟ್ಟಿ. ಮೇಲೆ ಬರಬೇಕೆನಿಸಿದರೆ ಹಗ್ಗವನ್ನು ಎರಡು ಸಲ ಜಗ್ಗಬೇಕು ಎಂದು ಸೂರ್ಯ ಅವಳ ಕೈಯಲ್ಲೇ ಮಾಡಿಸಿ ತೋರಿಸಿದ. ಹಗ್ಗದ ಈ ತುದಿಗೆ ಮುಂದೆ ರಾಜಶೇಖರ, ಹಿಂದೆ ವಾಜಿದ್. ಫೋಟೋ ತೆಗೆಯುವವರು ತೆಗೆದರು. ಸೃಷ್ಟಿ ಕಾಲು ಇಳಿಬಿಟ್ಟು, ನನ್ನ ಕಡೆ ನೋಡಿ ನಕ್ಕು, ಒಳಗೆ ಹೋದಳು. ನಮ್ಮ ಕಣ್ಣೆದುರೇ ಅವಳ ಕೆಂಪು ಹೆಲ್ಮೆಟ್ ನೆಲದೊಳಗೆ ಮುಳುಗಿತು.

ಸ್ವಲ್ಪ ಹೊತ್ತಿಗೆ ಹಗ್ಗ ಸಡಿಲವಾಯಿತು. ತಳ ಮುಟ್ಟಿದ್ದಳು. ಕೆಳಗಿನಿಂದ ಅವಳ ದನಿ ಬೇರೆ ಯಾರದೋ ಎನ್ನುವಂತೆ ದಪ್ಪಗೆ ಬಂತು: "ಅಮ್ಮಾ, ಇಲ್ಲಿ ಬೆಚ್ಚಗಿದೆ. ದೋಸೆ ಹಿಟ್ಟಿನ ವಾಸ್ನೆ."

ಎಲ್ಲರೂ ನಕ್ಕರು. ನನ್ನ ನಗು ಅರ್ಧಕ್ಕೇ ನಿಂತಿತು. ಬೆಚ್ಚಗೆ ಏಕಿರಬೇಕು? ಒಳ್ಳೆಯ ಹಗೇವು ತಣ್ಣಗಿರುತ್ತದೆ, ಒಣಗಿರುತ್ತದೆ. ಬೆಚ್ಚಗಿದೆ ಎಂದರೆ ಮಳೆ ನೀರು ಇಳಿದು ಕಾಳು ಬೆವತಿದೆ, ಹುಳಿ ಬಂದಿದೆ. ಹುಳಿ ಬಂದ ಕಾಳು ಗಾಳಿ ಕೆಡಿಸುತ್ತದೆ. ಆದರೆ ದೀಪ? ದೀಪ ಅವಳ ಪಕ್ಕದಲ್ಲೇ ಉರಿಯುತ್ತಿದೆಯಲ್ಲ. ಮನಸ್ಸು ಒಪ್ಪಲಿಲ್ಲ. ಬಾಯಿಯ ಹತ್ತಿರ ಮಂಡಿಯೂರಿ ಕರೆದೆ.

"ಸೃಷ್ಟಿ, ಸಾಕು. ಮೇಲೆ ಬಾ."

ಬುಟ್ಟಿಗೆ ಕಾಳು ಬೀಳುವ ಸದ್ದು ಮಾತ್ರ ಕೇಳಿಸುತ್ತಿತ್ತು.

"ಶುರುವಾಯ್ತು" ಎಂದರು ರಾಜಶೇಖರ.

ಅಷ್ಟರಲ್ಲಿ ಗಾಳಿ ಎದ್ದಿತು. ಬೆಳಗಿನಿಂದ ಹೆದರಿಸುತ್ತಿದ್ದ ಮಳೆ ಅಡ್ಡಡ್ಡಲಾಗಿ ಚಪ್ಪರದೊಳಗೆ ಹೊಡೆಯಿತು. ಕಂಬಕ್ಕೆ ಇನ್ನೊಂದು ಲಾಂದ್ರ ತೂಗುಹಾಕಿದ್ದರು, ಕೆಳಗೆ ಬಿಟ್ಟಿದ್ದರ ಜೋಡಿ. ಅದು ಓಲಾಡತೊಡಗಿತು. ಅದರ ಗಾಜು ಒಂದು ಕಡೆ ಒಡೆದಿತ್ತು. ಅಲ್ಲಿಂದ ಮಳೆಹನಿ ನೇರ ಕುಡಿಯ ಮೇಲೇ ಬೀಳುತ್ತಿತ್ತು. ಕುಡಿ ಚುಂಯ್ ಎನ್ನಲಿಲ್ಲ, ಬಾಗಲಿಲ್ಲ, ಹೊಗೆಯಾಡಲಿಲ್ಲ. ಇದ್ದ ಹಾಗೇ ಇತ್ತು.

"ಪೀರಪ್ಪ" ಎಂದೆ. "ಇದು ಸೀಮೆಎಣ್ಣೆದಲ್ವಾ?"

"ಅಯ್ಯೋ ಇಲ್ಲಮ್ಮ, ಚಾರ್ಜಿಂಗ್ದು. ಇಲ್ಲಿ ಹುಲ್ಲಿದೆಯಲ್ಲ, ಬೆಂಕಿ ತರೋಂಗಿಲ್ಲ."

"ಕೆಳಗೆ ಬಿಟ್ಟಿದ್ದು?"

"ಅದೂ ಅದೇ."

ಆ ಕ್ಷಣವನ್ನು ಹೇಗೆ ಬರೆಯಬೇಕೋ ತಿಳಿಯದು. ನನಗೆ ಹೆದರಿಕೆಯ ಪರಿಚಯ ಚೆನ್ನಾಗಿದೆ ಎಂದುಕೊಂಡಿದ್ದೆ. ಅದುವರೆಗೆ ನಾನು ಪಟ್ಟದ್ದೆಲ್ಲ ಹೆದರಿಕೆಯೇ ಅಲ್ಲ, ಬರೀ ಗಡಿಬಿಡಿ. ನಿಜವಾದದ್ದು ಕಾಲಿನಿಂದ ಮೇಲಕ್ಕೆ ಬಂತು, ತಣ್ಣಗೆ. ಬ್ಯಾಟರಿಯ ದೀಪಕ್ಕೆ ಗಾಳಿ ಬೇಕಿಲ್ಲ. ನೀರಿನಲ್ಲಿ ಮುಳುಗಿಸಿದರೂ ಅದು ಉರಿಯುತ್ತದೆ. ಹಳೇ ಪದ್ಧತಿ ಗೊತ್ತಿಲ್ಲದವಳಾಗಿದ್ದರೆ ನಾನು ಮಗಳನ್ನು ಇಳಿಯಲು ಬಿಡುತ್ತಲೇ ಇರಲಿಲ್ಲ. ದೀಪ ನೋಡಿ, ಹೋಗು ಎಂದವಳು ನಾನೇ.

ಬುಟ್ಟಿಗೆ ಕಾಳು ಬೀಳುವ ಸದ್ದು ನಿಂತಿತ್ತು.

"ಎಳೀರಿ ಮೇಲಕ್ಕೆ, ಈಗಲೇ" ಎಂದು ಕಿರುಚಿದೆ. "ಒಳಗೆ ಗಾಳಿ ಕೆಟ್ಟಿದೆ."

"ದೀಪ ಉರೀತಿದೆ ಮೇಡಂ, ನೀವೇ ನೋಡಿ" ಎಂದ ಸೂರ್ಯ. ಆಮೇಲೆ ಮೈಕಿನಲ್ಲಿ, "ಅಮ್ಮಂದಿರು ಆ ಕಾಲದಲ್ಲೂ ಹೀಗೇ ಇದ್ರು, ಈ ಕಾಲದಲ್ಲೂ ಹೀಗೇ" ಎಂದ. ಜನ ನಕ್ಕರು. ಅವನಿಗೆ ದೀಪವೆಂದರೆ ಆಟದ ಒಂದು ಸಾಮಾನು. ದೀಪ ಯಾಕೆ ಇಳಿಸುತ್ತಿದ್ದರು, ಯಾಕೆ ಆರಬೇಕಿತ್ತು ಎಂದು ಬಿಡಿಸಿ ಹೇಳಲು ನನ್ನ ಹತ್ತಿರ ಸಮಯವಿರಲಿಲ್ಲ. ಗಂಡನ ಹತ್ತಿರ ಓಡಿದೆ.

"ಸಂಗು, ಎಲ್ಲರೂ ನೋಡ್ತಿದ್ದಾರೆ. ಈಗ ತಾನೇ ಹೋಗು ಅಂದೆ, ಮಗು ಒಂದ್ ನಿಮಿಷ ಖುಷಿಯಾಗಿರ್ಲಿ ಬಿಡು" ಎಂದರು.

ನಾನು ಅವರ ಕೈಯ ಮೇಲೆ ಕೈ ಇಟ್ಟೆ. ದನಿ ಹೊರಡಲೇ ಇಲ್ಲ, ಉಸಿರಿನಲ್ಲೇ ಹೇಳಿದೆ: "ರೀ, ನಮ್ಮ ಕೂಸು ಒಳಗ ಸಾಯ್ಲಿಕತ್ತದ. ಜಗ್ಗ್ರಿ."

ಮದುವೆಯಾದ ಹೊಸದರಲ್ಲಿ ನನ್ನ ಮಾತು ಕೇಳಿ ಅವರ ಅಕ್ಕಂದಿರು ನಕ್ಕಿದ್ದರು. ಅಂದಿನಿಂದ ನನ್ನ ಊರಿನ ಮಾತನ್ನು ಅವ್ವನ ಫೋನಿಗಷ್ಟೇ ಇಟ್ಟುಕೊಂಡಿದ್ದೆ. ಗಂಡನ ಜೊತೆ ಜಗಳವಾಡುವುದೂ ಬೆಂಗಳೂರಿನ ಕನ್ನಡದಲ್ಲೇ. ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ ಒಂದು ಸಲ ಅವರೆದುರು ಆ ಮಾತು ಹೊರಬಿದ್ದಿತ್ತು. ಈಗ ಅವರು ನನ್ನ ಮುಖವನ್ನೇ ನೋಡಿದರು. ಅವರ ಮುಖದ ಬಣ್ಣ ಇಳಿಯಿತು. ತಿರುಗಿ ಹಗ್ಗ ಎಳೆಯತೊಡಗಿದರು.

"ವಾಜಿದ್ ಭಾಯ್, ಎಳೀರಿ."

ಹಗ್ಗ ಭಾರವಾಗಿ ಬಂತು. ತಾನೇ ಕಾಲೂರಿ ಮೇಲೇಳುವ ಮಗುವಿನ ಭಾರವಲ್ಲ ಅದು. ರಾಟೆ ಕಿರುಗುಟ್ಟಿತು. ಚಪ್ಪರದ ಕೆಳಗೆ ನಗು ಒಬ್ಬೊಬ್ಬರಿಂದ ನಿಲ್ಲುತ್ತ ಬಂತು. ಕೆಂಪು ಹೆಲ್ಮೆಟ್ ಕತ್ತಲಲ್ಲಿ ಕಾಣಿಸಿತು, ಪಕ್ಕಕ್ಕೆ ವಾಲಿಕೊಂಡು. ಮೇಲೆ ಬಂದು ಕಲ್ಲಿನ ಅಂಚಿನ ಕೆಳಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಕುತ್ತಿಗೆ ವಾಲುತ್ತಿತ್ತು.

ಸೂರ್ಯ ಮೈಕು ಬಿಸಾಡಿ, ಟೋಪಿ ಬಿಸಾಡಿ, ಅವಳ ಪಕ್ಕದ ಸಂದಿಯಲ್ಲಿ ಕಾಲು ಇಳಿಬಿಟ್ಟ. "ನಾನು ಕೆಳಗಿಂದ ತಳ್ತೀನಿ" ಎಂದ. ನಾನು ಅವನ ಕೋಟಿನ ಕಾಲರ್ ಹಿಡಿದು ಹಿಂದಕ್ಕೆ ಕೆಡವಿದೆ. "ಯಾರೂ ಇಳೀಬ್ಯಾಡ್ರಿ. ಇಳಿದಾಂವ ಬರಂಗಿಲ್ಲ." ಒಳಗಿದ್ದದ್ದು ನನ್ನ ಮಗಳು. ಸಹಾಯಕ್ಕೆ ಬಂದವನನ್ನು ತಡೆಯುತ್ತಿದ್ದವಳು ನಾನು. ನೋಡುತ್ತಿದ್ದವರು ಏನೆಂದುಕೊಂಡರೋ ಗೊತ್ತಿಲ್ಲ.

ನೆಲದ ಮೇಲೆ ಬೋರಲು ಮಲಗಿದೆ. ಉಮ್ಮೆ ಕುಲ್ಸುಂ ಏನೂ ಕೇಳದೆ ನನ್ನ ಕಾಲುಗಳ ಮೇಲೆ ಕೂತುಬಿಟ್ಟರು. ಉಸಿರು ಕಟ್ಟಿಕೊಂಡು ತಲೆಯನ್ನೂ ಎರಡು ಕೈಗಳನ್ನೂ ಒಳಗೆ ಹಾಕಿದೆ. ಬಿಸಿ ಮುಖಕ್ಕೆ ಬಡಿಯಿತು. ಹೆಲ್ಮೆಟ್ಟಿನ ಪಟ್ಟಿ ಬೆರಳಿಗೆ ಸಿಗುತ್ತಿಲ್ಲ, ಸಿಕ್ಕರೂ ಬಿಚ್ಚಿಕೊಳ್ಳುತ್ತಿಲ್ಲ. ಎದೆ ಒಡೆಯುವ ಹಾಗಾಯಿತು, ಕಣ್ಣಲ್ಲಿ ನೀರು. ಕೆಳಗೆ ಆ ಲಾಂದ್ರ ಹಳದಿಯಾಗಿ ನಗುತ್ತ ಕೂತಿತ್ತು. ಪಟ್ಟಿ ಬಿಚ್ಚಿಕೊಂಡಿತು. ಹೆಲ್ಮೆಟ್ ಕಳಚಿ ಕೆಳಗೆ ಬಿತ್ತು. ಅವಳ ತಲೆಯನ್ನು ಅಂಗೈಯಲ್ಲಿ ಹಿಡಿದು ನಡುವಿಗೆ ತಂದೆ, ಮೇಲಿನವರು ಎಳೆದರು, ಇಬ್ಬರೂ ಒಟ್ಟಿಗೆ ಹೊರಗೆ ಬಿದ್ದೆವು.

ಸೃಷ್ಟಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಣ್ಣು ಅರ್ಧ ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಎದೆ ಆಡುತ್ತಿಲ್ಲ. ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಊದಿದೆ. ಹೇಗೆ ಊದಬೇಕೆಂದು ಯಾರೂ ಕಲಿಸಿರಲಿಲ್ಲ, ಟಿ.ವಿ.ಯಲ್ಲಿ ನೋಡಿದ್ದೇ ಗತಿ. ಊದಿದೆ, ಮತ್ತೆ ಊದಿದೆ. ಪಕ್ಕದಲ್ಲಿ ರಾಜಶೇಖರ ಹಗ್ಗ ಹಿಡಿದುಕೊಂಡೇ ಮಂಡಿಯೂರಿದ್ದರು. ಅದನ್ನು ಬಿಡಬೇಕೆಂಬುದೇ ಅವರಿಗೆ ಹೊಳೆದಿರಲಿಲ್ಲ. ಉಮ್ಮೆ ಕುಲ್ಸುಂ ದುವಾ ಹೇಳುತ್ತಿದ್ದದ್ದು ಕೇಳಿಸಿತು. ದೇವರೇ, ಯಾರ ದೇವರಾದರೂ ಸರಿ ಎಂದುಕೊಂಡೆ.

ಅವಳು ಕೆಮ್ಮಿದಳು. ಮಧ್ಯಾಹ್ನ ತಿಂದ ಮುದ್ದೆ ಸಾರು ನನ್ನ ಸೀರೆಯ ಮೇಲೆ ಬಂತು. ಆ ಸೀರೆ ತೋಟದವರದು, ನೂರು ವರ್ಷ ಹಿಂದಿನ ಕೂಲಿ ಹೆಂಗಸಿನ ವೇಷ. ನಾನು ಅದರಲ್ಲೇ ಅವಳ ಬಾಯಿ ಒರೆಸಿದೆ.

ವಾಜಿದ್ ಅವರ ಕಾರು ಗೇಟಿನ ಹತ್ತಿರವಿತ್ತು. ದಾರಿಯಲ್ಲಿ ಮೊದಲು ಸಿಕ್ಕ ಆಸ್ಪತ್ರೆಗೆ ಹೋದೆವು. ಆಮ್ಲಜನಕ ಹಾಕಿದರು, ರಕ್ತ ಪರೀಕ್ಷೆ ಮಾಡಿದರು. ಇನ್ನು ಸ್ವಲ್ಪ ಹೊತ್ತು ಒಳಗಿದ್ದಿದ್ದರೆ ಎಂದು ಶುರು ಮಾಡಿದ ಡಾಕ್ಟರ್ ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಸೂರ್ಯನೂ ಹಿಂದೆಯೇ ಬೈಕಿನಲ್ಲಿ ಬಂದಿದ್ದ, ಆ ಖಾಕಿ ಕೋಟಿನಲ್ಲೇ. ಕಾರಿಡಾರಿನಲ್ಲಿ ಗೋಡೆಗೆ ಒರಗಿ ಅಳುತ್ತಿದ್ದ. ದೀಪ ಇಳಿಸಬೇಕೆಂದು ಯಾರೋ ಹಿರಿಯರು ಹೇಳಿಕೊಟ್ಟಿದ್ದರಂತೆ. ತೋಟದಲ್ಲಿ ಬೆಂಕಿ ಇರಬಾರದೆಂದು ವಿಮೆಯವರು ಹೇಳಿದ್ದರಂತೆ. ಎರಡು ಮಾತನ್ನೂ ಅವನು ತಪ್ಪದೆ ಪಾಲಿಸಿದ್ದ. ಅವನನ್ನು ಬೈಯಬೇಕೆಂದು ಎದ್ದು ಹೋದವಳು, ಆ ಹಗೇವನ್ನು ಮುಚ್ಚಿಸಿದೆಯಾ ಎಂದಷ್ಟೇ ಕೇಳಿದೆ. ಚಪ್ಪಡಿ ಎಳೆಸಿ ಬಂದೆ ಎಂದ.

ಸಂಜೆ ವಾರ್ಡಿನಲ್ಲಿ ನಾನೊಬ್ಬಳೇ ಅವಳ ಪಕ್ಕದಲ್ಲಿದ್ದೆ. ರಾಜಶೇಖರ ಕಾಫಿ ತರುತ್ತೇನೆಂದು ಹೋದವರು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಸೃಷ್ಟಿಯ ಬಣ್ಣ ಮರಳಿತ್ತು. ಮಾಸ್ಕ್ ತೆಗೆದಿದ್ದರು. ತಲೆ ನೋಯುತ್ತಿದೆ ಎಂದಳು. ಹಣೆ ಒತ್ತುತ್ತ ಮೆಲ್ಲಗೆ ಕೇಳಿದೆ.

"ಒಳಗೆ ಏನಾಯ್ತು ಕಂದಾ?"

"ನಿದ್ದೆ ಬಂದಂಗಾಯ್ತು. ಬುಟ್ಟಿ ತುಂಬೋಕೆ ಬಗ್ಗಿದೆ, ಆಮೇಲೆ ಗೊತ್ತಿಲ್ಲ."

"ನಾನು ಮೇಲೆ ಬಾ ಅಂತ ಕರೆದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಆಗ ಚೆನ್ನಾಗೇ ಇದ್ದೆಯಾ?"

"ಹೂಂ. ತಲೆ ಸ್ವಲ್ಪ ತಿರುಗ್ತಿತ್ತು ಅಷ್ಟೇ."

"ಮತ್ತೆ ಹಗ್ಗ ಯಾಕೆ ಜಗ್ಗಲಿಲ್ಲ?"

ಅವಳು ಯೋಚಿಸಿದಳು. ನನ್ನನ್ನು ನೋಯಿಸಬೇಕೆಂದು ಹೇಳಿದ್ದಲ್ಲ ಅದು, ನಿದ್ದೆಗಣ್ಣಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನೀನು ಯಾವಾಗ್ಲೂ ಕರೀತಾನೇ ಇರ್ತೀಯಲ್ಲಮ್ಮ."

ಹಾಗೆಂದು ಕಣ್ಣು ಮುಚ್ಚಿದಳು. ನಿದ್ದೆ ಹೋದಳೋ, ಸುಮ್ಮನೆ ಮುಚ್ಚಿದಳೋ ತಿಳಿಯಲಿಲ್ಲ. ಹೊದಿಕೆಯ ಕೆಳಗೆ ಎದೆ ಏರಿಳಿಯುತ್ತಿದೆಯೇ ಎಂದು ನೋಡಿದೆ. ಸಂಜೆಯ ಬೆಳಕು ಸಾಲದೆ ಸರಿಯಾಗಿ ಕಾಣಲಿಲ್ಲ. ನನಗೆ ವಿಪರೀತ ಹೆದರಿಕೆಯಾಯಿತು. ಸೃಷ್ಟಿ ಎಂದು ಕರೆಯಲು ಬಾಯಿ ತೆರೆದೆ. ಕರೆಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಅವಳ ಮೂಗಿನ ಕೆಳಗೆ ಬೆರಳಿಟ್ಟು, ಉಸಿರು ತಾಗುವುದನ್ನು ಕಾಯುತ್ತ ಕೂತೆ.